ಮಾವನ ಮೂರು ತುಳಿತ

ಮೊನ್ನೆ ಕೋಟೆ ರಸ್ತೆಯ ಇಕ್ಕಟ್ಟಿನಲ್ಲಿ ಮುಂದಿದ್ದ ಲಾರಿಯಿಂದ ಬ್ರೇಕ್ ಸುಟ್ಟ ವಾಸನೆ ಬಂತು. ನೀವಾದರೆ ಮೂಗು ಮುಚ್ಚಿಕೊಳ್ಳುತ್ತಿದ್ದಿರಿ. ನನಗೆ ಅಂಗಾಲು ತಣ್ಣಗಾಯಿತು. ಕಾರಣ ನಮ್ಮ ಸೋದರಮಾವ, ಅವರ ಹಳೇ ಅಂಬಾಸಿಡರ್ ಮತ್ತು ನನ್ನ ಬಾಯಿ.

ಮಾವ ಸಂಸ್ಕೃತದ ಮೇಷ್ಟ್ರಾಗಿದ್ದವರು. ಕಾರನ್ನೂ ತರಗತಿಯಂತೆಯೇ ನಡೆಸುತ್ತಿದ್ದರು, ಯಾರೂ ಅವಸರಪಡುವಂತಿಲ್ಲ. ದೂರದಲ್ಲಿ ಕಾಣುವುದು ಎಮ್ಮೆಯೋ ಬಂಡೆಯೋ ಎಂದು ನಾವಿನ್ನೂ ಚರ್ಚಿಸುತ್ತಿರುವಾಗಲೇ ಬ್ರೇಕನ್ನು ಒಂದು, ಎರಡು, ಮೂರು ಬಾರಿ ತುಳಿದು, "ನಿಲ್ಲು ತಾಯೀ, ನಿಲ್ಲಮ್ಮಾ" ಎನ್ನುತ್ತಿದ್ದರು. ಮೂರನೆಯದಕ್ಕೆ ಕಾರು ಓಗೊಡುತ್ತಿತ್ತು. ನಾನು ಅಣಕದಲ್ಲಿ ಸ್ವಲ್ಪ ಹೆಸರು ಮಾಡಿದವನು. ಅಂದರೆ ಮದುವೆಮನೆಯಲ್ಲಿ ಊಟ ತಡವಾದಾಗ ನನ್ನನ್ನು ಕರೆಯುತ್ತಾರೆ, ಎಲೆ ಹಾಕಿದೊಡನೆ ಮರೆಯುತ್ತಾರೆ. ಮಾವನ ಮೂರು ತುಳಿತ ನನ್ನ ಖಾಯಂ ಐಟಂ. ಅತ್ತೆ ಬಾಯಿಗೆ ಸೆರಗು ಒತ್ತಿ ನಗುತ್ತಿದ್ದರು. ಮಾವನೂ ನಗುತ್ತಿದ್ದರು.

ಆ ಕಾರಿನಲ್ಲಿ ಗೆಳೆಯರನ್ನು ತುಂಬಿಕೊಂಡು ಆಗುಂಬೆ ಘಾಟಿ ಇಳಿಯಬೇಕೆಂದು ನನಗೆ ಆಸೆ. ಕೀ ಕೇಳಿದರೆ, "ಅವಳು ನನ್ನ ಕಾಲಿನ ಮಾತು ಮಾತ್ರ ಕೇಳ್ತಾಳೆ ಮಾರಾಯ" ಎನ್ನುವರು. ಜಿಪುಣತನಕ್ಕೆ ಎಂಥಾ ಭಾಷೆ ಎಂದುಕೊಂಡಿದ್ದೆ. ಕೊನೆಗೆ ನನ್ನ ಕಾಟ ತಾಳದೆ, ಡಿಸ್ಕ್ ಬ್ರೇಕ್ ಹಾಕಿಸಿದ ಮೇಲೆ ಕೊಡುತ್ತೇನೆ ಎಂದರು.

ಭದ್ರಾವತಿಯಲ್ಲಿ ಹಳೇ ಕಾರುಗಳ ಮೆಕ್ಯಾನಿಕ್ ಸೆಲ್ವಣ್ಣನ ಗ್ಯಾರೇಜಿಗೆ ಹೋದೆವು. "ಇವನು ನನ್ನ ಹಾಗೇ ಮಾಡ್ತಾನೆ, ನೋಡಿ" ಎಂದು ಮಾವನೇ ನನ್ನನ್ನು ಎಬ್ಬಿಸಿದರು. ಸ್ಟೂಲಿನ ಮೇಲೆ ಕೂತು ಮೂರು ಬಾರಿ ತುಳಿದೆ, "ನಿಲ್ಲು ತಾಯೀ" ಎಂದೆ. ಗ್ಯಾರೇಜೆಲ್ಲ ನಕ್ಕಿತು. ಸೆಲ್ವಣ್ಣ ನಗಲಿಲ್ಲ.

"ಮೂರು ಸಲಾನಾ ಸಾರ್? ಡೈಲಿನಾ?"

"ಅದು ಅವಳ ಅಭ್ಯಾಸ," ಎಂದರು ಮಾವ.

ಸೆಲ್ವಣ್ಣ ನನ್ನನ್ನು ಕಾರಿನಲ್ಲಿ ಕೂರಿಸಿ, "ಒಂದೇ ಸಲ ಒತ್ತಪ್ಪಾ" ಎಂದರು. ಒತ್ತಿದೆ. ಕೆಸರಿಗೆ ಕಾಲಿಟ್ಟಂತೆ ಪೆಡಲ್ ಸೀದಾ ತಳಕ್ಕೆ ಹೋಗಿ ಕೂತಿತು. ಅವರು ಮುಂದಿನ ಚಕ್ರ ಬಿಚ್ಚಿದರು. ಒಳಗೆಲ್ಲ ಬ್ರೇಕ್ ಎಣ್ಣೆ ಸೋರಿ ಒದ್ದೆ. ಚಕ್ರವನ್ನು ಹಿಡಿಯಬೇಕಾದ ಲೈನಿಂಗ್ ಉಗುರಿನಷ್ಟು ದಪ್ಪವೂ ಉಳಿದಿರಲಿಲ್ಲ.

"ಇದ್ರಲ್ಲಿ ಬ್ರೇಕೇ ಇಲ್ಲ ಸಾರ್. ಮೂರು ಸಲ ತುಳಿದಾಗ ಉಳಿದ ಎಣ್ಣೆ ಒತ್ತಿ ಹೇಗೋ ಹಿಡೀತಿತ್ತು, ಅದಕ್ಕೇ ಎಲ್ಲಾ ಬದುಕಿದೀರಿ."

ನಿಮ್ಮಲ್ಲಿ ಹೇಳಿಬಿಡುತ್ತೇನೆ: ಹಿಂದಿನ ಭಾನುವಾರವಷ್ಟೇ, ಮಾವ ಊಟ ಮಾಡಿ ಮಲಗಿದ್ದಾಗ ಕೀ ಎಗರಿಸಿದ್ದೆ. ಬಾಗಿಲಲ್ಲೇ ಅತ್ತೆ ಕಿವಿ ಹಿಂಡಿ ಕಿತ್ತುಕೊಂಡಿದ್ದರು. ಇಲ್ಲದಿದ್ದರೆ ಘಾಟಿಯ ಮೊದಲ ತಿರುವಿನಲ್ಲಿ, ನಾಲ್ವರು ಗೆಳೆಯರು ಹಿಂದೆ ಹಾಡುತ್ತಿರುವಾಗ, ನಾನು ಒಂದೇ ಬಾರಿ ತುಳಿಯುತ್ತಿದ್ದೆ. ಮಾವನ ಕಾಲನ್ನು ಅಷ್ಟು ವರ್ಷ ಅಣಕಿಸಿದ್ದೆನಲ್ಲ, ಮೂರೇ ಯಾಕೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಮಾವ ಹಳೇ ಟೈರೊಂದರ ಮೇಲೆ ಕುಸಿದಿದ್ದರು. "ನಿಮ್ಮತ್ತೇನ ಇದ್ರಲ್ಲೇ ಕೂರಿಸ್ಕೊಂಡು ಓಡಾಡ್ತಿದ್ದೆನಲ್ಲೋ" ಎಂದರು. ಆ ದನಿಯನ್ನು ಇವತ್ತಿಗೂ ನಾನು ಅಣಕಿಸಿಲ್ಲ.

ಡಿಸ್ಕ್ ಬ್ರೇಕ್ ಬಂತು. ಮೊದಲ ದಿನವೇ ಮಲವಗೊಪ್ಪದ ಹತ್ತಿರ ಮಾವ ಹಳೇ ಅಂದಾಜಿನಲ್ಲಿ ತುಳಿದದ್ದಕ್ಕೆ ಕಾರು ಗಕ್ಕನೆ ನಿಂತು, ನನ್ನ ಹಣೆಗೆ ನಿಂಬೆಹಣ್ಣಿನಷ್ಟು ಬುಗುಟು ಬಂತು. ಕೀ ಈಗ ನನ್ನ ಬಳಿಯೇ ಇದೆ. ಘಾಟಿಗೆ ಮಾತ್ರ ಇನ್ನೂ ಹೋಗಿಲ್ಲ.

ಮೊನ್ನೆ ಆ ಲಾರಿ ತಟ್ಟನೆ ನಿಂತಾಗ ಸ್ಟೀರಿಂಗ್ ಹಿಡಿದಿದ್ದವನು ನಾನು, ಪಕ್ಕದಲ್ಲಿ ಮಾವ. ಬ್ರೇಕ್ ಒತ್ತಿದೆ, ಕಾರು ನಿಂತಿತು. ನನ್ನ ಕಾಲು ಮಾತ್ರ ಇನ್ನೆರಡು ಬಾರಿ ತುಳಿಯಿತು.

ಮಾವ ಕಿಟಕಿಯಾಚೆ ನೋಡುತ್ತಲೇ, ಥೇಟ್ ನಾನು ಅವರನ್ನು ಅಣಕಿಸುತ್ತಿದ್ದ ಕೀರಲು ದನಿಯಲ್ಲಿ, "ನಿಲ್ಲು ತಾಯೀ" ಎಂದರು. ಆಮೇಲೆ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು, ತಮ್ಮ ದನಿಯಲ್ಲೇ ಹೇಳಿದರು: "ನಿಂತಾಗಿದೆ ಕಣೋ."