ಚೌಡಿಯ ಮುಂದೆ ಹದಿನೇಳು ಕಾಯಿ

ಅರವತ್ತರ ದಶಕದಲ್ಲಿ ನಾನೊಮ್ಮೆ ತಾಲ್ಲೂಕು ಬೋರ್ಡಿನ ಚುನಾವಣೆಗೆ ನಿಂತಿದ್ದೆ. ನನಗಿದ್ದ ಯೋಗ್ಯತೆ ಎಂದರೆ ಏಳನೇ ಕ್ಲಾಸು ಪಾಸು ಮತ್ತು ಬಾಯಿ. ಎದುರಾಳಿ ನಮ್ಮ ಒಡೆಯರು. ತೀರ್ಥಹಳ್ಳಿ ತಾಲ್ಲೂಕಿನ ನಮ್ಮೂರಿನಲ್ಲಿದ್ದ ಹದಿನೆಂಟು ಒಕ್ಕಲು ಮನೆಗಳೂ ಅವರ ಗದ್ದೆಯನ್ನೇ ಗೇಣಿಗೆ ಮಾಡುತ್ತಿದ್ದವು. ನಮ್ಮದೂ ಅದರಲ್ಲೊಂದು. ಕಾಗದ ಪತ್ರ ಏನೂ ಇರಲಿಲ್ಲ. ಅವರು ಬಿಡು ಎಂದರೆ ಗದ್ದೆ ಬಿಡಬೇಕು, ಅಷ್ಟೆ.

ಒಡೆಯರಿಗೆ ಸಿಕ್ಕ ಚಿಹ್ನೆ ತಕ್ಕಡಿ. ಅವರು ಗೇಣಿ ಅಳೆಸಿಕೊಳ್ಳುತ್ತಿದ್ದ ಕೊಳಗದ ಹೊಟ್ಟೆ ಎಷ್ಟು ದೊಡ್ಡದೆಂದು ಬಲ್ಲವರಿಗೆ ಒಳಗೊಳಗೇ ನಗು. ನನಗೆ ಸಿಕ್ಕಿದ್ದು ಸೈಕಲ್ಲು. ನಮ್ಮೂರಿನ ದಾರಿಯಲ್ಲಿ ಸೈಕಲ್ಲನ್ನು ಮನುಷ್ಯನೇ ಹೊತ್ತುಕೊಂಡು ಹೋಗಬೇಕಿತ್ತು.

ಒಡೆಯರು ಭಾಷಣ ಮಾಡಲಿಲ್ಲ. ಓಟಿಗೆ ಮೂರು ದಿನ ಮುಂಚೆ ಹದಿನೆಂಟು ಮನೆಯ ಯಜಮಾನರನ್ನೂ ಚೌಡಿಬನಕ್ಕೆ ಕರೆಸಿ, "ನಮ್ಮನೆ ಓಟು ತಕ್ಕಡಿಗೆ" ಎಂದು ಆಣೆ ಮಾಡಿಸಿದರು. ಚೌಡಿ ಎಂದರೆ ಮರದ ಬುಡದಲ್ಲಿದ್ದ ಒಂದು ಕಲ್ಲು, ನಮ್ಮೂರನ್ನು ಕಾಯುವವಳು. ದೊಡ್ಡ ದೇವರುಗಳ ಹತ್ತಿರ ನಡೆಯುವ ಬರೀ ಬಾಯಿಮಾತಿನ ಕ್ಷಮೆ ಇವಳ ಹತ್ತಿರ ನಡೆಯುವುದಿಲ್ಲ. ನನ್ನ ಅಪ್ಪಯ್ಯನೂ ಹೋಗಿ ಆಣೆ ಮಾಡಿ ಬಂದ. ಬಂದವನು ನನ್ನ ಮುಖ ನೋಡದೆ ಎಮ್ಮೆಗೆ ಹುಲ್ಲು ಹಾಕಿದ.

ನಾನು ಸುಮ್ಮನಿರುವ ಆಸಾಮಿಯಲ್ಲ. ಆಣೆ ಮುರಿದವರು ಚೌಡಿಯ ಮುಂದೆ ಒಂದು ತೆಂಗಿನಕಾಯಿ ಇಟ್ಟು ತಪ್ಪಾಯಿತು ಎಂದರೆ ದೋಷ ಕಳೆಯುತ್ತದೆ ಎಂಬುದು ಹಿಂದಿನಿಂದ ಬಂದ ಪದ್ಧತಿ. ಮನೆಮನೆಗೆ ಹೋಗಿ ಅದನ್ನೇ ನೆನಪಿಸಿದೆ. "ಓಟು ಸೈಕಲ್ಲಿಗೆ ಹಾಕಿ, ಕಾಯಿ ಚೌಡಿಗೆ ಇಡಿ. ಇಬ್ರಿಗೂ ಸಮಾಧಾನ" ಎಂದೆ. ನನ್ನ ಬುದ್ಧಿಗೆ ನಾನೇ ತಲೆದೂಗಿದೆ. ಕಾಯಿಯನ್ನು ಯಾವಾಗ ಇಡಬೇಕೆಂದು ಹೇಳುವುದು ಮಾತ್ರ ಮರೆತುಹೋಯಿತು.

ಓಟಿನ ದಿನ ಶಾಲೆಯಲ್ಲಿ ಕೂತಿದ್ದ ಅಧಿಕಾರಿ, "ಯಾರಿಗೆ ಹಾಕಿದ್ರಿ ಅಂತ ದೇವರಿಗೂ ಗೊತ್ತಾಗಲ್ಲ, ಹೆದರಬೇಡಿ" ಎಂದು ಎಲ್ಲರಿಗೂ ಧೈರ್ಯ ಹೇಳಿದ. ಪಾಪ, ಅವನು ಬೇರೆ ಊರಿನವನು.

ಮಾರನೇ ಬೆಳಿಗ್ಗೆ ಚೌಡಿಯ ಮುಂದೆ ಕಾಯಿಗಳು ಸಾಲಾಗಿ ಕೂತಿದ್ದವು. ಎಣಿಕೆಗೆ ಇನ್ನೂ ಎರಡು ದಿನವಿತ್ತು. ಅಷ್ಟರವರೆಗೆ ಕಾಯಲು ಯಾರಿಗೂ ಧೈರ್ಯವಿರಲಿಲ್ಲ. ಸಾಲದ್ದಕ್ಕೆ, ಒಬ್ಬರ ಕಾಯಿ ಇನ್ನೊಬ್ಬರ ತಪ್ಪಿಗೆ ಜಮೆಯಾಗಬಾರದೆಂದು ಪ್ರತಿ ಕಾಯಿಯ ಮೇಲೂ ಸುಣ್ಣದಲ್ಲಿ ಮನೆಯ ಗುರುತು ಬರೆದಿದ್ದರು. ಗೇಣಿ ಭತ್ತದ ಚೀಲಕ್ಕೆ ಹಾಕುತ್ತಿದ್ದ ಅದೇ ಗುರುತು. ಅದನ್ನು ಒಡೆಯರಿಗಿಂತ ಚೆನ್ನಾಗಿ ಓದಬಲ್ಲವರು ಊರಲ್ಲಿ ಇನ್ಯಾರೂ ಇರಲಿಲ್ಲ.

ಸುದ್ದಿ ತಿಳಿದು ನಾನು ಓಡಿ ಹೋಗುವಷ್ಟರಲ್ಲಿ ಒಡೆಯರು ಕೊಡೆ ಊರಿಕೊಂಡು ಅಲ್ಲಿ ನಿಂತಿದ್ದರು. ನನ್ನ ಜಾಣತನಕ್ಕೆ ಅಷ್ಟೂ ಮನೆಯವರು ಗದ್ದೆ ಕಳೆದುಕೊಳ್ಳುವುದು ಖಂಡಿತ ಎನಿಸಿತು.

"ಹದಿನೆಂಟು ಮನೆ ಆಣೆ ಮಾಡಿತ್ತು, ಹದಿನೇಳು ಕಾಯಿ ಇದೆ" ಎಂದರು ಒಡೆಯರು. "ನಿಮ್ಮನೇದು ಇಲ್ವಲ್ಲೋ."

ಹುಡುಕಿದೆ. ಎರಡು ಗೀಟು, ಒಂದು ಚುಕ್ಕೆ ನಮ್ಮ ಗುರುತು. ಇರಲಿಲ್ಲ. ಊರಿಗೆ ಊರೇ ನನಗೆ ಓಟು ಹಾಕಿದೆ, ನನ್ನ ಅಪ್ಪಯ್ಯ ಹಾಕಿಲ್ಲ. ಹದಿನೇಳು ಮನೆಯ ಹೆದರಿಕೆಯೂ ಮರೆತುಹೋಗುವಷ್ಟು ಸಿಟ್ಟು ಬಂತು.

ಅಷ್ಟರಲ್ಲಿ ಅಪ್ಪಯ್ಯನೇ ಹಿಂದಿನಿಂದ ಬಂದ. ನನ್ನನ್ನು ದಾಟಿಕೊಂಡು ಹೋಗಿ ಒಡೆಯರ ಮುಂದೆ ನಿಂತ.

"ಒಡೇರೆ, ಮಗನೇ ನಿಂತಿದ್ರೂ ನಾನು ತಕ್ಕಡಿಗೇ ಒತ್ತಿ ಬಂದೀನಿ. ಆಣೆ ಉಳಿಸ್ಕಂಡೀನಿ. ಹೌದೋ ಅಲ್ವೋ?"

"ಹೌದು ಮಾರಾಯ."

"ಹಂಗಾರೆ ನಿಮ್ಮನ್ನ ಒಂದು ಮಾತು ಕೇಳೋ ಹಕ್ಕು ಊರಲ್ಲಿ ನಂಗೊಬ್ಬಂಗೇ ಇರೋದು. ಈ ಕಾಯಿ ನೋಡಿ ಯಾರನ್ನೂ ಗದ್ದೆ ಬಿಡಿಸಲ್ಲ ಅಂತ ನೀವೂ ಇಲ್ಲೇ ಆಣೆ ಮಾಡಿ."

ಊರಿಗೆಲ್ಲ ಆಣೆ ಹಾಕಿಸಿದ ಒಡೆಯರಿಗೆ ತಾವು ಹಾಕುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಕೊಡೆ ಕೆಳಗಿಟ್ಟು, ಚಪ್ಪಲಿ ಬಿಟ್ಟು, ಕಲ್ಲು ಮುಟ್ಟಿ ಆಣೆ ಮಾಡಿದರು.

ಮನೆಗೆ ಬರುವಾಗ, "ನಂಗೊಂದು ಓಟು ಹಾಕಕ್ಕೆ ಆಗ್ಲಿಲ್ವಾ ನಿಂಗೆ?" ಎಂದು ಕೇಳಿದೆ. "ನಿಂಗೆ ಹಾಕೋರು ಬೇಕಾದಷ್ಟು ಜನ ಇದ್ರು" ಎಂದ ಅಪ್ಪಯ್ಯ.

ನಾನು ಗೆದ್ದೆ. ನನ್ನ ಅವಧಿಯಲ್ಲಿ ಊರಿಗೆ ಒಂದು ಮೋರಿ ಹಾಕಿಸಿದೆ, ಅದು ಎರಡನೇ ಮಳೆಗಾಲಕ್ಕೆ ಕೊಚ್ಚಿಕೊಂಡು ಹೋಯಿತು. ಹದಿನೇಳು ಮನೆಯ ಗದ್ದೆ ಉಳಿಸಿದ್ದು ನನಗೆ ಬೀಳದ ಆ ಒಂದು ಓಟು. ಇದನ್ನು ಅಪ್ಪಯ್ಯ ಇದ್ದಾಗ ನಾನು ಒಪ್ಪಿಕೊಳ್ಳಲಿಲ್ಲ. ಆ ನಾಚಿಕೆ ಇವತ್ತಿಗೂ ಇದೆ.

ಅಪ್ಪಯ್ಯ ಮಾತ್ರ ಆಮೇಲೆ ಎಷ್ಟೋ ವರ್ಷ, ಬೆಳಿಗ್ಗೆ ಎದ್ದವನೇ ಗದ್ದೆಗೆ ಹೋಗುವ ಮೊದಲು ಸುತ್ತು ಹಾಕಿಕೊಂಡು ಚೌಡಿಬನಕ್ಕೆ ಹೋಗುತ್ತಿದ್ದ. ಕೈ ಮುಗಿಯುವುದಕ್ಕಲ್ಲ. ಒಡೆಯರ ಮನೆಯ ಕಾಯಿ ಬಂದು ಕೂತಿದೆಯೋ ಎಂದು ನೋಡಲು.