ಕಂಚಿನ ತಾಟಿನ ಹೊಳಪು

ಹುಮನಾಬಾದ ಸಮೀಪದ ಹುಡಗಿ ಗ್ರಾಮದ ಸೂಲಗಿತ್ತಿ ಗಯಾಬಾಯಿ, ತಾನು ಹೆರಿಗೆ ಮಾಡಿಸಿದ ಪ್ರತಿ ಕೂಸಿಗೂ ಮೂರು ತಿಂಗಳು ತುಂಬಿದಾಗ ಮತ್ತೊಮ್ಮೆ ಆ ಮನೆಗೆ ಹೋಗುತ್ತಿದ್ದಳು. ಹುಣಸೆಹಣ್ಣು ಹಚ್ಚಿ ತಿಕ್ಕಿದ ಕಂಚಿನ ತಾಟನ್ನು ತೊಟ್ಟಿಲ ಬದಿಗೆ ಎತ್ತಿ ಹಿಡಿದು ಕಟ್ಟಿಗೆಯಿಂದ ಬಾರಿಸುವಳು. ಕೂಸಿನ ಕಣ್ಣು ಅತ್ತ ಹೊರಳಿದರೆ ಕಿವಿ ನೆಟ್ಟಗಿವೆ ಎಂದು ತೀರ್ಪು. ಆ ತೀರ್ಪನ್ನು ಊರು ಎಂದೂ ಪ್ರಶ್ನಿಸಿದ್ದಿಲ್ಲ. ೧೯೩೫ರ ಫೆಬ್ರವರಿ ೧೧, ಸೋಮವಾರ, ಅದೇ ಊರಿನ ಸತ್ಯಮ್ಮನ ಮಗಳು ಭೀಮಬಾಯಿಗೂ ಅದೇ ತೀರ್ಪು ದೊರೆತಿತ್ತು.

೧೯೩೭ರ ನವೆಂಬರ್ ೧೬, ಮಂಗಳವಾರ, ಗಯಾಬಾಯಿ ಕಲ್ಯಾಣ ಪಟ್ಟಣದಲ್ಲಿ ಸಂಗಪ್ಪನ ಮೊಮ್ಮಗನ ತೊಟ್ಟಿಲ ಬಳಿ ನಿಂತು ತಾಟು ಎತ್ತಿದಳು. ಬಾರಿಸುವ ಮೊದಲೇ ಕಟ್ಟಿಗೆ ಕೈಜಾರಿ ಕೌದಿಯ ಮೇಲೆ ಬಿತ್ತು. ಸದ್ದೇ ಹುಟ್ಟಲಿಲ್ಲ. ಆದರೂ ಕೂಸಿನ ಕಣ್ಣು ತಾಟಿನತ್ತ ಹೊರಳಿತು.

"ನೋಡ್ರಿ, ಬಾರಸೋದ್ರೊಳಗೇ ಕೇಳಸ್ಕೊಂಡ! ನಮ್ಮ ಮೊಮ್ಮಗ ಅಂದ್ರ ಏನ್ ತಿಳದೀರಿ?" ಎಂದು ಸಂಗಪ್ಪ ನಕ್ಕ.

ಗಯಾಬಾಯಿ ನಗಲಿಲ್ಲ. ಬಾಗಿಲ ಬಿಸಿಲು ತಾಟಿನ ಮೇಲೆ ಕುಣಿಯುತ್ತಿತ್ತು. ಕೂಸು ನೋಡಿದ್ದು ಆ ಹೊಳಪನ್ನು. ಹಾಗಾದರೆ ಭೀಮಬಾಯಿ? ಕರೆದರೆ ತಿರುಗಿ ನೋಡುವುದಿಲ್ಲ, ಹಟಮಾರಿ ಎಂದು ಸತ್ಯಮ್ಮ ಮಗಳನ್ನು ದಿನವೂ ಬಡಿಯುವುದನ್ನು ಅವಳು ಕಂಡಿದ್ದಳು. ಊರಿಗೆ ಮರಳುವ ಹಾದಿಯುದ್ದಕ್ಕೂ, ಸದ್ದಿಲ್ಲದೆ ಹೊರಳುವ ಎರಡು ಕಣ್ಣುಗಳು ಬಂಡಿಯ ಹಿಂದೆಯೇ ಬಂದವು.

ಮರುದಿನ ಬೆಳಿಗ್ಗೆ ಭೀಮಬಾಯಿ ಅಂಗಳದಲ್ಲಿ ಇರುವೆಗಳ ಸಾಲು ನೋಡುತ್ತ ಕುಳಿತಿತ್ತು. ಗಯಾಬಾಯಿ ಬೆನ್ನ ಹಿಂದೆ ನಿಂತು ತಾಟನ್ನು ಬಲವಾಗಿ ಬಾರಿಸಿದಳು. ಒಳಗಿನಿಂದ ಸತ್ಯಮ್ಮ ಓಡಿಬಂದಳು. ಮಗುವಿನ ಕಣ್ಣು ಇರುವೆಗಳನ್ನು ಬಿಡಲಿಲ್ಲ.

"ಯಾರರೆ ಸತ್ತಾರೇನ ಆಯಿ, ಹಿಂಗ ಬಾರಸಾಕತ್ತಿ?"

"ಈಕಿಗಿ ಇನ್ನ ಹೊಡಿಬ್ಯಾಡವಾ. ಈಕಿಗಿ ಕೇಳಸಂಗಿಲ್ಲ. ಅವತ್ತು ತಾಟಿನ ಹೊಳಪು ನೋಡಿತ್ತು ಕೂಸು. ತಪ್ಪು ನಂದು."

"ಕಿವಿ ನೆಟ್ಟಗ ಅದಾವಂತ ನೀನೇ ಅಂದಿದ್ದಿ! ನಿನ್ನ ಮಾತ ನಂಬಿ ನಾ ದಿನಾ..."

ಸತ್ಯಮ್ಮ ಮಗಳ ಮುಂದೆ ಕುಸಿದು ಕುಳಿತಳು. ಕಣ್ಣೀರು ಒರೆಸಿಕೊಳ್ಳಲು ಕೈ ಎತ್ತಿದಳು. ಮಗುವಿನ ಕಣ್ಣು ಥಟ್ಟನೆ ಆ ಕೈಗೆ ಹಾರಿ, ರೆಪ್ಪೆಗಳು ಬಿಗಿಯಾಗಿ ಮುಚ್ಚಿಕೊಂಡವು.

ಗಯಾಬಾಯಿ ತೀರಿಕೊಂಡದ್ದು ೧೯೪೬ರ ಸೆಪ್ಟೆಂಬರ್ ೩, ಮಂಗಳವಾರ. ಆವರೆಗೂ ಅವಳು ತಾಟನ್ನು ಗೋಡೆಯ ಮರೆಯಿಂದಲೇ ಬಾರಿಸಿದಳು. ಅದಕ್ಕೆ ಹುಣಸೆಹಣ್ಣು ಮುಟ್ಟಿಸಲಿಲ್ಲ. ಆದರೆ ಎದುರಿಗೆ ಯಾರು ಕೈ ಎತ್ತಿದರೂ, ಶರಣೆನ್ನಲು ಎತ್ತಿದರೂ, ಗಯಾಬಾಯಿ ಭೀಮಬಾಯಿಯ ಹಾಗೆಯೇ ಬೆಚ್ಚಿ ಕಣ್ಣು ಮುಚ್ಚುತ್ತಿದ್ದಳು.