ಗೋಡೆಗೆ ತೂತು ಕೊರೆದ ಮೇಸ್ತ್ರಿ

ಮೇಸ್ತ್ರಿಯ ಬಲಗಿವಿಯ ಸಂದುಗಳಲ್ಲಿ ಯಾವಾಗಲೂ ಬೂದುಬಣ್ಣದ ಕಲ್ಲುಪುಡಿ ಕೂತಿರುತ್ತಿತ್ತು. ಎಡಗಿವಿ ಮಾತ್ರ ಚೊಕ್ಕಟ. ಅಂಗಳಕ್ಕೆ ಪೇವರ್ ಕಲ್ಲು ಜೋಡಿಸಿ ಮುಗಿದ ಮೇಲೆ ಒಂದು ಬಕೆಟ್ ನೀರು ಸುರಿಸಿ, ಮಂಡಿಯೂರಿ, ಬಲಗಿವಿಯನ್ನು ಕಲ್ಲಿಗೆ ಆನಿಸಿ ಕಣ್ಣು ಮುಚ್ಚಿಕೊಳ್ಳುವುದು ಅವರ ಪದ್ಧತಿ. ಮೊದಲ ಸಲ ನೋಡಿದಾಗ ತಲೆಸುತ್ತಿ ಬಿದ್ದರೆಂದುಕೊಂಡು ನಾನು ಎಬ್ಬಿಸಲು ಓಡಿದ್ದೆ.

"ಸುಮ್ನಿರಿ ಮೇಡಂ. ನೀರು ಇಳೀತಾ ಇದೆ," ಎಂದರು, ಕಣ್ಣು ಬಿಡದೆ.

ನಾನು ತಣಿಸಂದ್ರದ ರಸ್ತೆಬದಿಯಲ್ಲಿ ಹೂಕುಂಡ ಮಾರುತ್ತ ಬದುಕು ಕಟ್ಟಿಕೊಂಡವಳು. ಕುಂಡ ಒಯ್ಯುವವರು ಅಂಗಳಕ್ಕೆ ಕಲ್ಲು ಹಾಕುವವರು ಯಾರಾದರೂ ಇದ್ದಾರಾ ಎಂದು ಕೇಳತೊಡಗಿದಾಗ, "ನಾನೇ ಹಾಕಿಸಿಕೊಡ್ತೀನಿ" ಎಂದು ಒಪ್ಪಿಕೊಂಡು, ಆಮೇಲೆ ಮೇಸ್ತ್ರಿಯನ್ನು ಹುಡುಕಿದವಳು. ಜಲ್ಲಿ ಲಾರಿಯವನಿರಲಿ, ಕಲ್ಲಿನ ಕಾರ್ಖಾನೆಯವರಿರಲಿ, ನನ್ನ ಚೌಕಾಸಿಗೆ ಸೋಲದವರಿರಲಿಲ್ಲ. ಸೋಲದೆ ಉಳಿದವರು ಇವರೊಬ್ಬರೇ. ಆರ್.ಟಿ. ನಗರದ ಒಂದು ಗಲ್ಲಿಯಲ್ಲಿ ಮನೆ. ಮನೆಯಲ್ಲಿ ಉರ್ದು, ಕೆಲಸದಲ್ಲಿ ಕನ್ನಡ, ಕೋಪ ಬಂದರೆ ಮೌನ.

ಕಲ್ಲಿನ ಕೆಳಗಿನ ಜಲ್ಲಿಗೆ ಹಳ್ಳ ಎಷ್ಟು ಆಳ ತೋಡಬೇಕೆಂದು ಅವರು ಟೇಪು ಹಿಡಿಯುತ್ತಿರಲಿಲ್ಲ. ಒಳಗಿಳಿದು ನಿಂತು ಮೊಣಕಾಲಿನ ಕೆಳಗೆ ಬೆರಳಿಟ್ಟು ತೋರಿಸುತ್ತಿದ್ದರು. "ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ ಮೇಸ್ತ್ರಿ, ಜಲ್ಲಿ ಉಳಿಯುತ್ತೆ" ಎಂದು ಒಮ್ಮೆ ಎಳೆದಾಡಿದೆ.

"ಕಾಲು ಕತ್ತರಿಸ್ಕೊಳ್ಳಲಾ?" ಎಂದರು. ಅಲ್ಲಿಗೆ ಚೌಕಾಸಿ ಮುಗಿಯಿತು.

ಇಂಥ ಕಲ್ಲು ಹಾಕಿಸಬೇಕೆಂದಿರುವವರು ಇಷ್ಟು ತಿಳಿದುಕೊಂಡಿರಿ. ಇದರ ಸಂದುಗಳಿಗೆ ಸಿಮೆಂಟ್ ಹಾಕುವುದಿಲ್ಲ, ಸಣ್ಣ ಬೇಬಿ ಜಲ್ಲಿ ತುಂಬುತ್ತಾರೆ. ಕೆಳಗೆ ದಪ್ಪ ಜಲ್ಲಿಯ ಹಾಸು. ಬಿದ್ದ ಮಳೆ ರಸ್ತೆಗೆ ಹರಿಯದೆ ಅಲ್ಲೇ ಇಳಿದು ಭೂಮಿ ಸೇರುತ್ತದೆ. ನಮ್ಮ ಕಡೆ ಬೋರ್‌ವೆಲ್‌ಗಳು ಒಣಗಿ ನಿಂತಿರುವಾಗ ಇದಕ್ಕಿಂತ ಒಳ್ಳೆಯದು ಇಲ್ಲ. ಸಂದಿಗೆ ಸಿಮೆಂಟ್ ಬಳಿದರೆ ಇರುವೆ ಬರಲ್ಲ, ನೀಟಾಗಿರುತ್ತೆ ಎನ್ನುವವನನ್ನು ಗೇಟಿನಿಂದಲೇ ಕಳಿಸಿಬಿಡಿ. ಇಷ್ಟನ್ನು ನಾನು ಎಲ್ಲ ಗಿರಾಕಿಗಳಿಗೂ ಹೇಳುತ್ತಿದ್ದೆ. ಮೇಸ್ತ್ರಿ ಇದರ ಮೇಲೆ ಇನ್ನೊಂದು ಮಾತು ಸೇರಿಸುತ್ತಿದ್ದರು: "ನೀರು ಕಾಣದೆ ಹೋಯ್ತು ಅಂತ ಖುಷಿ ಪಡ್ಬೇಡಿ. ಎಲ್ಲಿಗೆ ಹೋಯ್ತು ಅಂತ ಕೇಳಿ." ಗಿರಾಕಿಗಳು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಚಿಕ್ಕಜಾಲದ ಮನೆ ಇಳಿಜಾರಿನಲ್ಲಿತ್ತು. ಯಜಮಾನರು ಮಣ್ಣು ತುಂಬಿಸಿ ಜಾಗ ಎತ್ತರಿಸಿದ್ದರು. ಆ ಮಣ್ಣನ್ನು ಹಿಡಿದು ನಿಲ್ಲಿಸಲು ಆಳೆತ್ತರದ ಕಾಂಪೌಂಡ್ ಗೋಡೆ. ಗೋಡೆಯ ಮೇಲ್ಬದಿಯಲ್ಲಿ ಅಂಗಳ, ಕೆಳಬದಿಯಲ್ಲಿ ಓಣಿ. ಓಣಿಯಲ್ಲಿ, ಗೋಡೆಗೆ ಒರಗಿಸಿದಂತೆ, ಒಬ್ಬ ಹೆಂಗಸಿನ ಇಸ್ತ್ರಿ ಗಾಡಿ. ಬೆಳಗಿನಿಂದ ಸಂಜೆಯವರೆಗೆ ಅವಳು ಆ ಗೋಡೆಯ ನೆರಳಿನಲ್ಲೇ ಇರುತ್ತಿದ್ದಳು.

ಮೇಸ್ತ್ರಿ ಅಂಗಳಕ್ಕಿಂತ ಮೊದಲು ಓಣಿಗಿಳಿದು ಗೋಡೆಯನ್ನು ನೋಡಿದರು. ಗೋಡೆಯ ಬುಡದುದ್ದಕ್ಕೂ ತೂತು ಕೊರೆದು ಪೈಪಿನ ತುಂಡುಗಳನ್ನು ಸಿಕ್ಕಿಸಿದರು. ಮಣ್ಣೊಳಗೆ ಇಳಿದ ನೀರಿಗೆ ಅದೇ ದಾರಿ. "ಇಲ್ಲಾಂದ್ರೆ ನೀರು ಗೋಡೆ ಹಿಂದೆ ನಿಂತ್ಕೊಂಡು ತಳ್ಳುತ್ತೆ," ಎಂದು ಇಸ್ತ್ರಿ ಹೆಂಗಸಿಗೂ ಹೇಳಿದರು. "ಮಳೇಲಿ ಇದರಿಂದ ನೀರು ಬರ್ತಿದ್ರೆ ನಿಂಗೆ ಭಯ ಇಲ್ಲ."

"ನನ್ ಬಟ್ಟೆ ಮೇಲೆ ರಾಡಿ ಎಗರ್ತದಲ್ಲ ಸಾಬ್ರೇ, ಅದ್ಕೇನ್ ಮಾಡ್ಲಿ?"

"ಗಾಡಿ ಆಚೆ ಕಡೆ ಹಾಕ್ಕೋ."

"ಆಚೆ ಕಡೆ ಬಿಸ್ಲು. ನೀವು ಬಂದು ಕೊಡೆ ಹಿಡೀತೀರಾ?"

ಮೇಸ್ತ್ರಿ ನಕ್ಕದ್ದನ್ನು ನಾನು ನೋಡಿದ್ದು ಬಹಳ ಕಡಿಮೆ. ಅಂದು ನಕ್ಕರು.

ಗೃಹಪ್ರವೇಶಕ್ಕೆ ನಾಲ್ಕು ದಿನವಿರುವಾಗ ಮಳೆ ಬಂತು. ತೂತುಗಳಿಂದ ಕೆಂಪು ನೀರು ಸುರಿದು ಗೋಡೆಯ ತುಂಬ ಕಲೆ. ಯಜಮಾನರು ನನ್ನನ್ನು ಕರೆಸಿ, "ಏನಮ್ಮ ಇದು, ಗೋಡೆಗೆ ಭೇದಿ ಹತ್ತಿದ ಹಾಗಿದೆ! ನೆಂಟರೆಲ್ಲ ಇದೇ ಓಣೀಲಿ ಬರೋದು," ಎಂದರು. ಮೇಸ್ತ್ರಿ ಆ ವಾರ ಬೇರೆ ಕೆಲಸದಲ್ಲಿದ್ದರು. ನಾನು ನನ್ನ ಖಾಯಂ ಪೇಂಟರನ್ನು ಕರೆದು, "ಪುಟ್ಟಿ ತುಂಬಿ ಮುಚ್ಚಿಬಿಡಪ್ಪ, ಫಂಕ್ಷನ್ ಮುಗಿದ ಮೇಲೆ ತೆಗೆದರಾಯ್ತು," ಎಂದೆ. ಅವನು ಮುಚ್ಚಿ ಬಣ್ಣ ಬಳಿದ. ಗೃಹಪ್ರವೇಶ ಚೆನ್ನಾಗಿ ಆಯಿತು. ಅಲ್ಲಿ ಬಂದಿದ್ದ ನೆಂಟರಿಂದಲೇ ನನಗೆ ಎರಡು ಹೊಸ ಕೆಲಸ ಸಿಕ್ಕವು. ತೂತಿನ ಮಾತು ಮರೆತೇಹೋಯಿತು.

ಮುಂದಿನ ವರ್ಷದ ಮಳೆಗಾಲ. ಯಲಹಂಕದ ಒಂದು ಕೆಲಸದಲ್ಲಿ ಮಧ್ಯಾಹ್ನ ನಾನೂ ಮೇಸ್ತ್ರಿಯೂ ಚಹಾ ಕುಡಿಯುತ್ತಿದ್ದೆವು. ಚಿಕ್ಕಜಾಲದ ಯಜಮಾನರ ಫೋನು ಬಂತು. ಮೂರು ದಿನದಿಂದ ಸುರಿಯುತ್ತಿದೆ, ಅಂಗಳದಲ್ಲಿ ಒಂದು ಹನಿ ನಿಂತಿಲ್ಲ, ಅಕ್ಕಪಕ್ಕದವರೆಲ್ಲ ಬಂದು ನೋಡಿ ಹೋಗುತ್ತಿದ್ದಾರೆ ಎಂದು ಹೊಗಳಿದ್ದೇ ಹೊಗಳಿದ್ದು. ನಾನು ಹೆಮ್ಮೆಯಿಂದ ಮೇಸ್ತ್ರಿಗೆ ಹೇಳಿದೆ.

"ಕೆಳಗೆ ಓಣಿಗೆ ಎಷ್ಟು ಬರ್ತಿದೆ ಅಂತ ಕೇಳಿ."

ಕೇಳಿದೆ. "ಅಯ್ಯೋ, ಅಲ್ಲೂ ಒಂದ್ ಹನಿ ಇಲ್ಲ ಕಣಮ್ಮ! ಗೋಡೆ ಬಣ್ಣ ಹೊಡೆದ ದಿನ ಹೇಗಿತ್ತೋ ಹಾಗೇ ಇದೆ."

ಮೇಸ್ತ್ರಿ ಲೋಟವನ್ನು ಕೆಳಗಿಡಲಿಲ್ಲ, ಬಿಟ್ಟುಬಿಟ್ಟರು. "ಸ್ಕೂಟರ್ ತೆಗೀರಿ," ಎಂದರು. ನನಗೆ ಆಗ ಪುಟ್ಟಿ ನೆನಪಾಯಿತು. ಸ್ಕೂಟರಿನಲ್ಲಿ ಹೋಗುವಷ್ಟು ಹೊತ್ತೂ ಹೇಳಿಬಿಡಲೇ ಎಂದುಕೊಂಡೆ, ಹೇಳಲಿಲ್ಲ.

ಓಣಿಯಲ್ಲಿ ಇಸ್ತ್ರಿ ಹೆಂಗಸು ಟಾರ್ಪಾಲಿನ ಕೆಳಗೆ ಕೆಂಡ ಊದುತ್ತಿದ್ದಳು. ಅವಳ ಬೆನ್ನ ಹಿಂದೆ ಗೋಡೆ ನಡುವಿನಲ್ಲಿ ಒಂದಿಷ್ಟು ಉಬ್ಬಿತ್ತು. ಗೊತ್ತಿಲ್ಲದವರಿಗೆ ಕಾಣುವಷ್ಟಲ್ಲ.

"ಏನ್ ಸಾಬ್ರೇ, ಮಳೇಲಿ ಇಸ್ತ್ರಿ ಮಾಡಿಸ್ಕೊಳಕ್ ಬಂದ್ರಾ?"

ಮೇಸ್ತ್ರಿ ಉತ್ತರ ಕೊಡದೆ ಅವಳ ರಟ್ಟೆ ಹಿಡಿದು ಎಳೆದರು.

"ಬಿಡ್ರೀ! ಜನರ ಬಟ್ಟೆ ಒಳಗೈತೆ!"

"ಬಟ್ಟೆ ಹೋಗ್ಲಿ, ಬಾ!"

ಅವಳು ಕೊಸರಿಕೊಂಡು ಬಟ್ಟೆಯ ಗಂಟಿಗಾಗಿ ಬಗ್ಗಿದಳು. ಮೇಸ್ತ್ರಿ ಸೆರಗು ಹಿಡಿದು ಎಳೆದ ರಭಸಕ್ಕೆ ಇಬ್ಬರೂ ಓಣಿಯ ಆಚೆ ಬದಿಯ ಕೆಸರಿನಲ್ಲಿ ಬಿದ್ದರು. ಒಳಗೆಲ್ಲೋ ಕಲ್ಲು ಸೀಳಿದ ಸದ್ದು ಒಮ್ಮೆ ಕೇಳಿತು, ಅಷ್ಟೇ. ಗೋಡೆ ಮುಗ್ಗರಿಸಿ ಬೀಳಲಿಲ್ಲ, ದಣಿದವರು ಕೂತುಕೊಳ್ಳುವಂತೆ ನಿಂತಲ್ಲೇ ಕುಸಿಯಿತು. ಅದರ ಹಿಂದಿನಿಂದ ಕೆಂಪು ನೀರು, ಮಣ್ಣು, ನಾವೇ ಜೋಡಿಸಿದ ಕಲ್ಲುಗಳು. ಗಾಡಿ ಎಲ್ಲಿತ್ತೆಂದು ತೋರಿಸಲು ಒಂದು ಚಕ್ರವೂ ಉಳಿಯಲಿಲ್ಲ.

ಯಜಮಾನರು ಮೇಲಿನಿಂದ ಕೂಗಿದರು: "ತೂತು ಕಲ್ಲು ಹಾಕಿ ನನ್ನ ಗೋಡೆ ಬೀಳಿಸಿದೆಯಲ್ಲಯ್ಯ!"

ಮೇಸ್ತ್ರಿ ಕೆಸರಿನಿಂದೆದ್ದು ಮಣ್ಣಿನಲ್ಲಿ ಕೈಯಾಡಿಸಿ ಒಂದು ಪೈಪಿನ ತುಂಡನ್ನು ಹೆಕ್ಕಿದರು. ಅದರ ಬಾಯಲ್ಲಿ ಬಿಳಿ ಪುಟ್ಟಿ ಕಲ್ಲಾಗಿತ್ತು. ತಿರುಗಿಸಿ ನೋಡಿದರು. ನನ್ನ ಮುಖ ನೋಡಿದರು. ಅದನ್ನು ಜೇಬಿಗಿಟ್ಟುಕೊಂಡು ನಡೆದುಹೋದರು. ನಾನು ಇಸ್ತ್ರಿ ಹೆಂಗಸನ್ನು ಕೆಸರಿನಿಂದ ಎಬ್ಬಿಸಿದೆ.

ಆಮೇಲೆ ಆ ಕಡೆ ಯಾರೂ ಅವರನ್ನು ಕರೆಯಲಿಲ್ಲ. ಗಿರಾಕಿಗಳು ವಿಚಾರಿಸಿದರೆ, "ಆ ಮೇಸ್ತ್ರಿ ಈಗ ನಮ್ಮ ಹತ್ರ ಇಲ್ಲ" ಎನ್ನುತ್ತಿದ್ದೆ. ವ್ಯಾಪಾರ ಉಳಿಸಿಕೊಳ್ಳುವ ಮಾತು ಯಾವುದೆಂದು ನನಗೆ ಚೆನ್ನಾಗಿ ಗೊತ್ತು. ಆ ಜಾಣತನವನ್ನು ಯಾರೂ ನನ್ನಿಂದ ಕಲಿಯಬೇಡಿ.

ಎರಡು ವರ್ಷದ ಮೇಲೆ ಅವರು ಹಾಸಿಗೆ ಹಿಡಿದಿದ್ದಾರೆಂದು ತಿಳಿದು ನೋಡಲು ಹೋದೆ. ಕಲ್ಲುಪುಡಿ ಎದೆಯೊಳಗೂ ಇಳಿದಿತ್ತು. ಉಸಿರಿಗೊಮ್ಮೆ ಪಕ್ಕೆ ಎದ್ದು ಬೀಳುತ್ತಿತ್ತು. ಅವರ ಹೆಂಡತಿ ಚಹಾ ಕೊಟ್ಟು ಒಳಗೆ ಹೋದ ಮೇಲೆ ಹೇಳಿದೆ.

"ಪುಟ್ಟಿ ಹಾಕ್ಸಿದ್ದು ನಾನೇ ಮೇಸ್ತ್ರಿ."

"ಗೊತ್ತು." ಸ್ವಲ್ಪ ಉಸಿರು ಹಿಡಿದುಕೊಂಡರು. "ಆ ಪೇಂಟರನ್ನ ಕೇಳಿದ್ರಾ? ಬೇರೆ ಎಲ್ಲೆಲ್ಲಿ ಮುಚ್ಚಿದಾನೆ?"

ಎರಡು ವರ್ಷ ನಾನು ನನ್ನ ಹೆಸರಿನ ಬಗ್ಗೆ ಯೋಚಿಸಿದ್ದೆ, ಅವರ ಹೆಸರಿನ ಬಗ್ಗೆ ಯೋಚಿಸಿದ್ದೆ. ಇದು ಹೊಳೆದಿರಲಿಲ್ಲ.

"ನಾನು ಅವತ್ತೇ ಕೇಳ್ಬೇಕಿತ್ತು," ಎಂದರು. "ಕೋಪದಲ್ಲಿ ಸುಮ್ನಾಗ್ಬಿಟ್ಟೆ. ಅದು ನನ್ನ ತಪ್ಪು. ನೀವು ಇಲ್ಲಿ ಕೂತ್ಕೋಬೇಡಿ ಅಮ್ಮ, ಹೋಗಿ."

ಆ ವಾರವೇ ಅವರು ತೀರಿಕೊಂಡರು. ಆ ದಿನದವರೆಗೆ ಅವರು ನನ್ನನ್ನು ಮೇಡಂ ಎಂದೇ ಕರೆಯುತ್ತಿದ್ದರು, ಅಮ್ಮ ಎಂದದ್ದು ಅದೇ ಮೊದಲು.

ನಾನು ಕೇಳಿದ್ದಕ್ಕೆ ಪೇಂಟರ್ ಆಶ್ಚರ್ಯಪಟ್ಟ. "ನೀವೇ ತಾನೇ ಮೇಡಂ ಹೇಳಿದ್ದು? ಅವತ್ತಿಂದ ಎಲ್ಲಾ ಕಡೆ ಮೊದ್ಲು ತೂತು ಮುಚ್ಚಿ ಆಮೇಲೆ ತಾನೇ ಬಣ್ಣ ಹೊಡಿಯೋದು!" ನನ್ನ ಕೆಲಸಗಳಲ್ಲಿ ಅವನು ತೂತು ಮುಚ್ಚಿದ ಮೂರು ಮನೆ ಸಿಕ್ಕವು. ಎರಡು ಕಡೆ ನಿಂತು ತೆಗೆಸಿದೆ. ಮೂರನೆಯದು ಮಾಕಳಿಯಲ್ಲಿ. ಹಳಬರು ಮಾರಿಹೋಗಿದ್ದರು. ಹೊಸ ಯಜಮಾನರು ಗೇಟು ತೆಗೆಯದೆ, "ಗೋಡೆ ಗುಂಡುಕಲ್ಲಿನ ಹಾಗಿದೆ. ಕೆಲಸ ಹುಡುಕ್ಕೊಂಡು ಬಂದಿದ್ದೀರಾ?" ಎಂದರು. ದುಡ್ಡು ಬೇಡವೆಂದೆ. ಅದಕ್ಕೆ ಇನ್ನೂ ಅನುಮಾನಪಟ್ಟರು. ಗೋಡೆಯ ಕೆಳಗೆ ಶಾಲೆಯ ವ್ಯಾನು ಬಂದು ನಿಲ್ಲುವ ಜಾಗ.

ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಹಾಗಾದ್ರೆ ಬರೆದುಕೊಡಿ," ಎಂದರು. ಬರೆದೆ: ಈ ತೂತುಗಳನ್ನು ಮುಚ್ಚಿದ್ದು ನನ್ನ ಮಾತಿನಿಂದ. ಚಿಕ್ಕಜಾಲದ ಗೋಡೆ ಬಿದ್ದದ್ದೂ ನನ್ನಿಂದ. ಮೇಸ್ತ್ರಿಯ ಕೆಲಸದಲ್ಲಿ ಯಾವ ತಪ್ಪೂ ಇರಲಿಲ್ಲ. ಒಂದು ಪದವನ್ನೂ ಕಮ್ಮಿ ಮಾಡಿಕೊಳ್ಳದೆ ಸಹಿ ಹಾಕಿದೆ. ಇನ್ನೊಂದು ಪ್ರತಿ ಚಿಕ್ಕಜಾಲಕ್ಕೆ ಕಳಿಸಿದೆ. ಅಲ್ಲಿಂದ ಉತ್ತರ ಬಂದಿಲ್ಲ.

ವ್ಯಾನನ್ನು ದೂರ ನಿಲ್ಲಿಸಿ ಕೊರೆಸಿದೆವು. ಮೊದಲ ತೂತಿನಿಂದ ಏನೂ ಬರಲಿಲ್ಲ. ಯಜಮಾನರು ನನ್ನ ಕಡೆ ನೋಡಿ ನಕ್ಕರು. ಎರಡನೆಯದರಲ್ಲಿ ಡ್ರಿಲ್ ಒಳಹೋದದ್ದೇ ತಡ, ಕೆಂಪು ನೀರು ಚಿಮ್ಮಿ ಕೊರೆಯುವವನನ್ನು ಹಿಂದಕ್ಕೆ ತಳ್ಳಿತು. ಮಳೆ ನಿಂತು ಹತ್ತು ದಿನವಾಗಿತ್ತು. ಆದರೂ ಅದು ಸುರಿಯುತ್ತಲೇ ಇತ್ತು, ಓಣಿಯುದ್ದಕ್ಕೂ ಹರಿದು ತಿರುವಿನಲ್ಲಿ ಮರೆಯಾಗುತ್ತಿತ್ತು.

ಯಜಮಾನರ ನಗು ಇಳಿದುಹೋಗಿತ್ತು. "ಆ ಪೇಂಟರ್ ನಿಮ್ಮ ಕೆಲಸ ಒಂದೇ ಮಾಡ್ತಿದ್ನಾ? ಬೇರೆಯವರದ್ದೂ ಮಾಡ್ತಿದ್ನಾ?" ಎಂದು ಕೇಳಿದರು.

ಬೇರೆಯವರದ್ದೂ ಮಾಡುತ್ತಿದ್ದ. ಎಲ್ಲೆಲ್ಲಿ ಎಂದು ಅವನಿಗೇ ನೆನಪಿಲ್ಲ.